ಹೊಸಮನೆ ಅಜ್ಜನ ಡೊಂಗ್ರೋ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು. ಬರೆಯಬಾರದು ಎಂದು ಕಲಿಸಿರಲಿಲ್ಲ. ಹಾಗಾಗಿ ಬರೆಯುತ್ತೇನೆ. ನನ್ನ ಗಂಡ ಕೊಟ್ರಬಸಪ್ಪನವರಷ್ಟು ಹೊಟ್ಟೆಕಿಚ್ಚಿನ ಮನುಷ್ಯ ಶಿವಮೊಗ್ಗ, ಭದ್ರಾವತಿ ಎರಡೂ ಊರು ಜಾಲಾಡಿದರೂ ಸಿಗುವುದಿಲ್ಲ. ಕೆಟ್ಟವರಲ್ಲ. ಕುಡಿತವಿಲ್ಲ, ಜೂಜಿಲ್ಲ, ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳದೆ ಕಾಫಿ ಮುಟ್ಟುವುದಿಲ್ಲ. ಆದರೆ ಪಕ್ಕದ ಮನೆಯ ನಲ್ಲಿಯಲ್ಲಿ ನೀರು ನಮ್ಮದಕ್ಕಿಂತ ಜೋರಾಗಿ ಬಂದರೆ ಆವತ್ತು ಅವರಿಗೆ ಊಟ ಸೇರುವುದಿಲ್ಲ.

ನಾನು ಮದುವೆಯಾಗಿ ಬಂದಾಗ ಅವರು ಭದ್ರಾವತಿಯ ಒಂದು ಟಾಕೀಸಿಗೆ ಪೋಸ್ಟರ್ ಅಂಟಿಸುತ್ತಿದ್ದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಪೋಸ್ಟರಿನ ಸುರುಳಿ, ಹ್ಯಾಂಡಲಿಗೆ ಮೈದಾ ಅಂಟಿನ ಬಕೆಟ್. ಕಾರ್ಖಾನೆ ಕಾಂಪೌಂಡಿನಿಂದ ಮಲವಗೊಪ್ಪದ ತನಕ ಗೋಡೆಗಳೆಲ್ಲ ಅವರವು. ಅಂಟು ಕುದಿಸುವಾಗ ಅದಕ್ಕೆ ಮೈಲುತುತ್ತ ಬೆರೆಸುವುದನ್ನು ಅವರು ಎಂದೂ ಮರೆಯುತ್ತಿರಲಿಲ್ಲ. ತೋಟದವರು ಅಡಿಕೆಗೆ ಹೊಡೆಯುವ ಅದೇ ನೀಲಿ ತುತ್ತ. ಆ ಕಹಿಗೆ ದನ ಮೂತಿ ತಿರುಗಿಸುತ್ತದೆ. ತುತ್ತ ಇಲ್ಲದ ಮೈದಾ ಅಂಟೆಂದರೆ ಬೀದಿ ದನಗಳಿಗೆ ಹಬ್ಬದೂಟ, ಸಂಜೆಯ ಹೊತ್ತಿಗೆ ಹೀರೋ ಸೊಂಟದ ಕೆಳಗೆ ಇರುತ್ತಿರಲಿಲ್ಲ. ಬೇರೆ ಟಾಕೀಸಿನವನು ಇವರ ಪೋಸ್ಟರಿನ ಮೇಲೆ ತನ್ನದನ್ನು ಅಂಟಿಸಿದರೆ ಇವರು ಹೋಗಿ ಅದರ ಮೇಲೆ ಇನ್ನೊಂದು ಅಂಟಿಸಿಯೇ ಬರಬೇಕು. ಹೀಗೆ ಹಠಕ್ಕೆ ಬಿದ್ದು ಅಂಟಿಸಿ ಅಂಟಿಸಿ, ಒಂದು ಗೋಡೆಯ ಪೋಸ್ಟರುಗಳೆಲ್ಲ ಒಟ್ಟಿಗೆ ಕಳಚಿ ಕೆಳಗೆ ಕೂತಿದ್ದ ಹೂವಿನವಳ ಮೇಲೆ ಬಿದ್ದಿದ್ದವು. ಅವಳು ತಮಿಳಿನಲ್ಲಿ ಬೈದದ್ದು ಇವರಿಗೆ ಇವತ್ತಿಗೂ ಬಾಯಿಪಾಠ.

ಟಾಕೀಸು ಮುಚ್ಚಿದ ಮೇಲೆ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆವು. ಟಿವಿ, ಫ್ರಿಜ್ಜು ಮಾರುವ ಒಂದು ಅಂಗಡಿಯ ಗೋಡೌನಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಒಬ್ಬಳೇ ಮಗಳು ರಕ್ಷಾಳನ್ನು ಇದೇ ಊರಿನ ವಿದ್ಯಾನಗರದ ಜ್ಞಾನೇಶನಿಗೆ ಕೊಟ್ಟೆವು. ಒಳ್ಳೆಯ ಮನೆತನ. ಬೀಗರು ಷಡಕ್ಷರಪ್ಪನವರು ಅಡಿಕೆ ಮಂಡಿ ನಡೆಸಿದವರು, ಈಚೆಗೆ ಹೆಂಡತಿ ತೀರಿಕೊಂಡ ಮೇಲೆ ವ್ಯಾಪಾರ ಬಿಟ್ಟು ಮನೆಯಲ್ಲಿದ್ದಾರೆ. ಮೊಮ್ಮಗಳು ಅಮೂಲ್ಯ ಹುಟ್ಟಿ ಮಾತು ಕಲಿತಳು. ಅವಳು ಮಾತು ಕಲಿತ ದಿನವೇ ನನ್ನ ಗಂಡನ ಹೊಟ್ಟೆಯಲ್ಲಿ ಒಂದು ಕೆಂಡ ಬಿತ್ತು.

ಮಗು ಷಡಕ್ಷರಪ್ಪನವರನ್ನು 'ಅಜ್ಜ' ಎನ್ನುತ್ತಾಳೆ. ಇವರನ್ನು 'ಹೊಸಮನೆ ಅಜ್ಜ' ಎನ್ನುತ್ತಾಳೆ. ಇಷ್ಟೇ ವಿಷಯ. ಎಲ್ಲರ ಮನೆಯಲ್ಲೂ ಇರುವುದೇ. ಜೊತೆಗಿರುವವರು ಬರೀ ಅಜ್ಜ, ದೂರ ಇರುವವರಿಗೆ ಊರೋ ಬೀದಿಯೋ ಅಂಟಿಕೊಳ್ಳುತ್ತದೆ. ಇವರಿಗೆ ಅದು ತಲೆಗೆ ಹೋಗಲಿಲ್ಲ.

"ನಾನೇನು ಪೋಸ್ಟ್‌ಮ್ಯಾನಾ, ಅಡ್ರೆಸ್ ಹಾಕಿ ಕರೆಯೋಕೆ?" ಎಂದು ನನ್ನ ಹತ್ತಿರ ಗೊಣಗುವರು.

"ಅವರು ಜೊತೇಲಿದ್ದಾರೆ ಕಣ್ರೀ. ದಿನಾ ಸ್ಕೂಲ್ ವ್ಯಾನ್ ಹತ್ತಿಸ್ತಾರೆ."

"ನಾನೂ ಹತ್ತಿಸ್ತೀನಿ. ನನ್ನ ಕೈಯಿಗೇನು ಲಕ್ವ ಹೊಡೆದಿದ್ಯಾ?"

ಬೀಗರು ಮಗುವಿಗೆ ಸೈಕಲ್ ತಂದರೆ ಇವರು ಅದರ ಬ್ರೇಕು ಸರಿಯಿಲ್ಲ ಎಂದರು. ಅವರು ಕಿತ್ತೂರು ರಾಣಿಯ ವೇಷವನ್ನು ಬಾಡಿಗೆಗೆ ತಂದು, ಮಗುವಿಗೆ ಫ್ಯಾನ್ಸಿ ಡ್ರೆಸ್ಸಿನಲ್ಲಿ ಬಹುಮಾನ ಬಂದಾಗ, ಇವರು ಬಾಡಿಗೆ ಬಟ್ಟೆಯಲ್ಲಿ ತಿಗಣೆ ಇರುತ್ತದೆ ಎಂದರು. ಹೊಟ್ಟೆಕಿಚ್ಚಿಗೆ ಮದ್ದಿದ್ದರೆ ನಾನು ಮದುವೆಯಾದ ವರ್ಷವೇ ಅರೆದು ಕುಡಿಸುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಫ್ಯಾನ್ಸಿ ಡ್ರೆಸ್ ಬಂತು. ರಾಣಿ ಗೀಣಿ ಬೇಡ, ತಾನು ಡೊಂಗ್ರೋ ಆಗಬೇಕು ಎಂದು ಅಮೂಲ್ಯ ಹಟ ಹಿಡಿದಳು. ಡೊಂಗ್ರೋ ಎಂದರೆ ಅವಳಪ್ಪನ ಮೊಬೈಲಿನಲ್ಲಿರುವ ಒಂದು ಆಟದ ಕಾವಲುಗಾರ. ಚೌಕ ತಲೆ, ತಲೆಯ ಮೇಲೆ ಒಂದು ಕೊಂಬು, ಗಿಡ್ಡ ಕಾಲು, ನೀಲಿ ಮೈ. ಹೊಟ್ಟೆಯಲ್ಲಿ ಒಂದು ಬಾಗಿಲು. ಶತ್ರು ಬಂದರೆ ಆ ಬಾಗಿಲು ತೆರೆದು ಗುಂಡು ತೆಗೆದು ಎಸೆಯುತ್ತಾನಂತೆ. ಮಗು ಅಮ್ಮನ ಫೋನಿನಿಂದ ಸೀದಾ ಇವರಿಗೇ ಫೋನು ಮಾಡಿತು.

"ಹೊಸಮನೆ ಅಜ್ಜ, ನಿಮ್ಮ ಅಂಗಡೀಲಿ ಫ್ರಿಜ್ ಡಬ್ಬ ಇದ್ಯಲ್ಲ, ಅದ್ರಲ್ಲಿ ನಂಗೆ ಡೊಂಗ್ರೋ ಮಾಡಿಕೊಡ್ತೀರಾ?"

"ಮಾಡ್ತೀನಿ ಪುಟ್ಟಿ," ಎಂದು ಫೋನಿಟ್ಟವರು ನನ್ನ ಕಡೆ ತಿರುಗಿದರು. ಮುಖ ಊರಹಬ್ಬದ ಹಾಗಿತ್ತು. "ನೋಡಿದ್ಯಾ? ಅವರನ್ನ ಕೇಳಲಿಲ್ಲ. ನನ್ನ ಕೇಳಿದ್ಲು. ಇದೊಂದು ಮಾಡಿಕೊಟ್ರೆ ಆ ಹೊಸಮನೆ ಉದುರಿ ಹೋಗುತ್ತೆ. ಬರೀ ಅಜ್ಜ ಅಂತಾಳೆ, ನೋಡ್ತಿರು."

ಅಲ್ಲಿಂದ ನನ್ನ ನಡುಮನೆ ನನ್ನದಾಗಿ ಉಳಿಯಲಿಲ್ಲ. ಗೋಡೌನಿನಿಂದ ರಟ್ಟಿನ ಡಬ್ಬಗಳು ಬಂದವು. ರಟ್ಟನ್ನು ಕುಯ್ದು, ಮಡಚಿ, ಅದರ ಮೇಲೆ ಪೇಪರಿನ ಚೂರುಗಳನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಮೆತ್ತಿದರು. ಒಣಗಿದ ಮೇಲೆ ಬೆರಳಲ್ಲಿ ಬಡಿದರೆ ಹಲಗೆ ಬಡಿದ ಸದ್ದು. ಹೊಟ್ಟೆಯ ಬಾಗಿಲಿಗೆ ಹಳೆಯ ಚಪ್ಪಲಿಯ ಚರ್ಮದಿಂದ ಕೀಲು. ಮಗುವಿನ ಕುತ್ತಿಗೆಗೆ ಚುಚ್ಚದಂತೆ ಅಂಚಿಗೆಲ್ಲ ನನ್ನ ಹಳೆ ಇಳಕಲ್ ಸೀರೆಯ ತುಂಡು. ಕೇಳಿದರಾ? ಕೇಳಲಿಲ್ಲ. ಸಂಸಾರ ಹೂಡಿದಾಗಿನಿಂದ ಅಡುಗೆಮನೆಗೆ ಒಂದು ಶೆಲ್ಫು ಮಾಡಿಕೊಡಿ ಎಂದು ಗೋಗರೆದಿದ್ದೇನೆ, ಇವತ್ತಿಗೂ ಡಬ್ಬಿಗಳು ನೆಲದ ಮೇಲಿವೆ. ಆ ರಟ್ಟಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅವರು ಸವರುವುದನ್ನು ನೋಡಿ ನನಗೂ ಉರಿಯಿತು. ಅದನ್ನು ಮುಚ್ಚಿಡುವುದೇಕೆ.

ಅಂಟು ಕುದಿಸುವಾಗ ನಾನೇ ಕೇಳಿದ್ದೆ, "ತುತ್ತ ಹಾಕಲ್ವಾ?"

"ಮಗು ಮುಖಕ್ಕೆ ಹಾಕ್ಕೊಳ್ಳೋದು ಮಾರಾಯ್ತಿ. ವಿಷ ಹಾಕ್ತಾರಾ?" ಎಂದರು. ಸರಿ ಅನ್ನಿಸಿತು.

ಕಾರ್ಯಕ್ರಮಕ್ಕೆ ಒಂದು ದಿನ ಮೊದಲು ಡೊಂಗ್ರೋ ಸಿದ್ಧನಾದ. ಅಳತೆ ನೋಡಲು ಮಗುವನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದು ಬೀಗರೇ ಫೋನು ಮಾಡಿದರು. ಮೊಮ್ಮಗಳ ಜೊತೆ ಎಲ್ಲಿಗೂ ಅವರೇ ಬರಬೇಕು, ಅದೂ ಇವರಿಗೊಂದು ಉರಿ. ಫೋನಿಟ್ಟ ಕೂಡಲೇ ಇವರು ಡೊಂಗ್ರೋನನ್ನು ಎತ್ತಿಕೊಂಡು ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂರಿಸಿದರು. ಒಣಗಬೇಕಾದದ್ದು ಏನೂ ಉಳಿದಿರಲಿಲ್ಲ. ಬೀಗರು ಕಾರಿನಿಂದ ಇಳಿಯುವಾಗಲೇ ಕಣ್ಣಿಗೆ ಬೀಳಬೇಕು, ಅಷ್ಟೇ.

"ಒಳಗಿಡಿ, ಕರಿಯಪ್ಪನ ಹಸು ಓಡಾಡುತ್ತೆ," ಎಂದೆ.

"ನಿನಗೆ ಎಲ್ಲಾದಕ್ಕೂ ಒಂದು ಅಪಶಕುನ," ಎಂದರು.

ಬೀಗರು ಮಗುವಿನೊಂದಿಗೆ ಬಂದರು. ಡೊಂಗ್ರೋನನ್ನು ನೋಡಿದರು. ಸುತ್ತ ಒಂದು ಸುತ್ತು ಬಂದು ಹೊಟ್ಟೆಯ ಬಾಗಿಲು ತೆರೆದು ಮುಚ್ಚಿದರು. "ಚೆನ್ನಾಗಿದೆ ಬೀಗರೇ," ಎಂದು ಕಾರಿನ ಕಡೆ ಒಮ್ಮೆ ತಿರುಗಿ ನೋಡಿದರು. ನನ್ನ ಗಂಡನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡಿದ್ದೆ, ತಿಂದಾದ ಮೇಲೆ ಅಳತೆ ನೋಡೋಣ ಎಂದು ಎಲ್ಲರೂ ಒಳಗೆ ಹೋಗಿ ಕೂತೆವು. ಇವರು ಇನ್ನೂ ಒಂದು ತುತ್ತು ಬಾಯಿಗಿಟ್ಟಿರಲಿಲ್ಲ, ರಟ್ಟು ಹೇಗೆ ಮಡಚಿದೆ, ಕೀಲು ಹೇಗೆ ಕೂರಿಸಿದೆ ಎಂದು ಬೀಗರಿಗೆ ಪಾಠ ಹೇಳುತ್ತಿದ್ದರು. ಬೀಗರು ಮಂಡಕ್ಕಿಯಲ್ಲಿನ ಕಡಲೆಬೀಜವನ್ನು ಒಂದೊಂದಾಗಿ ಆರಿಸುತ್ತಾ ಕೇಳುತ್ತಿದ್ದರು.

ಹೊರಗೆ ಏನೋ ಹರಿದ ಸದ್ದು ಕೇಳಿಸಿತು. ನಾನು ಓಡಿ ಹೋಗುವಷ್ಟರಲ್ಲಿ ಕರಿಯಪ್ಪನ ಹಸು ಗೌರಿ ಡೊಂಗ್ರೋನ ಬಲಭುಜವನ್ನು ಮುಗಿಸಿ ಕೊಂಬನ್ನು ಅಗಿಯುತ್ತಿದ್ದಳು. ಕಣ್ಣು ಅರ್ಧ ಮುಚ್ಚಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ. ಹಸುವಿನ ಒಡೆಯ ಕರಿಯಪ್ಪ ಎದುರುಮನೆಯಿಂದ ಬಂದವನು ನಮ್ಮನ್ನೇ ಗದರಿಸಿದ. "ಏನೇನೋ ಬೀದೀಲಿ ಇಡ್ತೀರಲ್ಲ, ನನ್ನ ಹಸು ಹೊಟ್ಟೆ ಕೆಟ್ರೆ ಯಾರು ನೋಡ್ತಾರೆ?"

ನನ್ನ ಗಂಡ ಜಗಲಿಯ ಅಂಚಿನಲ್ಲಿ ಕುಸಿದು ಕೂತರು. ಭದ್ರಾವತಿಯ ದನಗಳನ್ನೆಲ್ಲ ಏಮಾರಿಸಿದ ಮನುಷ್ಯ. ಹಸುವಿಗೆ ಒಂದು ಮಾತು ಬೈಯಲಿಲ್ಲ. ಮನೆಯಲ್ಲಿದ್ದ ರಟ್ಟೆಲ್ಲ ಮುಗಿದಿತ್ತು. ಹೊಸದು ತಂದು ಅಂಟಿಸಿದರೂ ಬೆಳಗಿನ ಕಾರ್ಯಕ್ರಮಕ್ಕೆ ಒಣಗುವುದಿಲ್ಲ.

ಆಗ ಬೀಗರು ಕೆಮ್ಮಿದರು. "ಚಿಂತೆ ಮಾಡ್ಬೇಡಿ. ಯಾವುದಕ್ಕೂ ಇರ್ಲಿ ಅಂತ ನಾನೊಂದು ಆನ್‌ಲೈನಲ್ಲಿ ತರಿಸಿಟ್ಟಿದ್ದೆ. ಕಾರಲ್ಲೇ ಇದೆ," ಎಂದರು.

ಯಾವುದಕ್ಕೂ ಇರಲಿ ಅಂತೆ. ಮಗು ಹೊಸಮನೆಗೆ ಫೋನು ಮಾಡಿದ ದಿನವೇ ತರಿಸಿರಬೇಕು. ಹೊಟ್ಟೆಕಿಚ್ಚು ನಮ್ಮ ಮನೆಯ ಸ್ವತ್ತು ಎಂದುಕೊಂಡಿದ್ದೆ, ವಿದ್ಯಾನಗರದಲ್ಲೂ ಒಂದು ಶಾಖೆ ಇದೆ ಎಂದು ಆಗ ಗೊತ್ತಾಯಿತು. ಪ್ಲಾಸ್ಟಿಕ್ ಚೀಲದಿಂದ ಒಂದು ನೀಲಿ ಉಡುಪು ಹೊರಬಂತು. ಮಿರಮಿರ ಮಿಂಚುವ ಬಟ್ಟೆ, ಕಣ್ಣಿಗೆ ಬಲ್ಬು. ನನ್ನ ಗಂಡ ಅದನ್ನು ನೋಡಲಿಲ್ಲ, ಮಗುವಿನ ಮುಖವನ್ನೇ ನೋಡುತ್ತಿದ್ದರು.

ಅಮೂಲ್ಯ ಅದನ್ನು ಹಿಡಿದು ಹೊಟ್ಟೆಯ ಮೇಲಿನ ಬಾಗಿಲನ್ನು ಉಗುರಿನಿಂದ ಕೆರೆದಳು. "ಅಜ್ಜ, ಇದು ತೆಗೆಯೋಕೆ ಬರಲ್ಲ. ಬರೀ ಪ್ರಿಂಟು," ಎಂದಳು. ಅದನ್ನು ಅಲ್ಲೇ ಬಿಟ್ಟು, ಹಸು ಬಿಟ್ಟುಹೋದದ್ದನ್ನು ತಲೆಗೆ ಹಾಕಿಕೊಂಡಳು. ಒಂದು ಕಡೆ ಭುಜವಿಲ್ಲ, ಅರ್ಧ ಕೊಂಬು, ಅಂಚೆಲ್ಲ ಜೊಲ್ಲು. ಕನ್ನಡಿಯ ಮುಂದೆ ನಿಂತು ಕುಣಿದಳು. "ಆಟದಲ್ಲಿ ಲಾಸ್ಟ್ ಲೈಫ್ ಇದ್ದಾಗ ಡೊಂಗ್ರೋ ಹಿಂಗೇ ಆಗ್ತಾನೆ. ಇದೇ ಬೇಕು. ಇನ್ನೊಂದು ಭುಜಾನೂ ತಿನ್ಸೋಣ, ಹಸುನ ಕರೀರಿ."

ಕರೆಯಲಿಲ್ಲ. ಒರೆಸಿ, ಬಿಸಿಲಿಗಿಟ್ಟು, ಈ ಸಲ ನನ್ನ ಗಂಡ ಪಕ್ಕದಲ್ಲೇ ಕೋಲು ಹಿಡಿದು ಕೂತರು.

ಮರುದಿನ ಶಾಲೆಯಲ್ಲಿ ನಾವಿಬ್ಬರೂ ಬೀಗರೂ ಒಂದೇ ಸಾಲಿನಲ್ಲಿ ಕೂತಿದ್ದೆವು, ನಡುವೆ ನಾನು. ಡೊಂಗ್ರೋ ವೇದಿಕೆಗೆ ಬಂದು ಹೊಟ್ಟೆಯ ಬಾಗಿಲು ತೆರೆದು, ನಾನು ಕಟ್ಟಿಕೊಟ್ಟಿದ್ದ ಮಂಡಕ್ಕಿ ಉಂಡೆಗಳನ್ನು ಎಸೆಯತೊಡಗಿದ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಟೀಚರು ಮೈಕು ಹಿಡಿದು ಇದನ್ನು ಯಾರು ಮಾಡಿಕೊಟ್ಟರು ಎಂದು ಕೇಳಿದರು. ನನ್ನ ಗಂಡ ಕುರ್ಚಿಯ ತುದಿಗೆ ಬಂದರು.

"ಹೊಸಮನೆ ಅಜ್ಜ ಮಾಡಿದ್ದು. ಭುಜ ಗೌರಿ ತಿಂದಿದ್ದು. ಗೌರಿ ಅಂದ್ರೆ ಹಸು."

ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ನನ್ನ ಕಿವಿಯ ಹತ್ತಿರ ಬಾಗಿ, "ಮೈಕಲ್ಲೂ ಹೊಸಮನೆ ಬಿಡಲಿಲ್ಲ ನೋಡು," ಎಂದರು. ಬಹುಮಾನ ಜೋಳದ ತೆನೆಯ ವೇಷದ ಮಗುವಿಗೆ ಹೋಯಿತು. ಆದರೆ ಹೊರಗೆ ಬಂದ ಮೇಲೆ ಮಕ್ಕಳೆಲ್ಲ ಇವರ ಸುತ್ತ ಮುತ್ತಿಕೊಂಡು, "ಹೊಸಮನೆ ಅಜ್ಜ, ನಂಗೂ ಒಂದು," "ಹೊಸಮನೆ ಅಜ್ಜ, ನಂಗೆ ಇದಕ್ಕಿಂತ ದೊಡ್ಡದು," ಎಂದು ಪಂಚೆ ಜಗ್ಗತೊಡಗಿದವು.

ಷಡಕ್ಷರಪ್ಪನವರು ನನ್ನ ಪಕ್ಕ ನಿಂತು ಅದನ್ನು ನೋಡುತ್ತಿದ್ದರು. ಮಗುವಿನ ಸ್ಕೂಲ್ ಬ್ಯಾಗು ಅವರ ಹೆಗಲಲ್ಲಿತ್ತು, ನೀರಿನ ಬಾಟಲಿ ಕೈಯಲ್ಲಿತ್ತು. "ಅವರಿಗೊಂದು ಹೆಸರಿದೆ ನೋಡಿ ತಾಯಿ," ಎಂದರು. "ನಾನು ಬರೀ ಅಜ್ಜ. ಬ್ಯಾಗ್ ಹಿಡ್ಕೋ ಅಜ್ಜ, ವ್ಯಾನ್ ಬಂತು ಅಜ್ಜ. ಅಷ್ಟೇ."

ಮನೆಗೆ ಬರುವಾಗ ಸಿಟಿ ಬಸ್ಸಿನಲ್ಲಿ ಈ ಮಾತನ್ನು ಇವರಿಗೆ ಹೇಳಿದೆ. ಹೇಳಬಾರದಿತ್ತೇನೋ. ಮೀಸೆಯಡಿ ನಕ್ಕು ಕಿಟಕಿಯ ಕಡೆ ತಿರುಗಿದರು. ಆ ಸುಖ ಒಂದು ಸ್ಟಾಪಿನಷ್ಟು ದೂರ ಬಾಳಿತು.

"ಏನೇ ಹೇಳು," ಎಂದರು ಆಮೇಲೆ. "ಬರೀ ಅಜ್ಜ ಅನ್ನಿಸ್ಕೊಳ್ಳೋದೇ ಬೇರೆ. ನಿನಗೇನು, ನಿನ್ನ ಬರೀ ಅಜ್ಜಿ ಅಂತಾಳೆ."

ನನಗೆ ಸಿಟ್ಟು ಬಂತು. "ಮೊದಲು ನನ್ನೂ ಹೊಸಮನೆ ಅಜ್ಜಿ ಅಂತಿದ್ಲು. ಬರೀ ಅಜ್ಜಿ ಅಂತ ಕರೆಯೋಕೆ ಶುರು ಮಾಡಿದ್ದು ಯಾವಾಗ, ನೆನಪಿದ್ಯಾ?" ಎಂದೆ.

ಅವರಿಗೆ ನೆನಪಿತ್ತು. ವಿದ್ಯಾನಗರದ ಅಜ್ಜಿ ತೀರಿಕೊಂಡ ಮೇಲೆ, ಗುರುತಿಗೆ ಬೀದಿಯ ಹೆಸರು ಬೇಕಾಗದೆ ಹೋದಾಗ. ಬಸ್ಸಿನಿಂದ ಇಳಿದು, ಕರಿಯಪ್ಪನ ಮನೆ ದಾಟಿ, ನಮ್ಮ ಜಗಲಿಯಲ್ಲಿ ಚಪ್ಪಲಿ ಬಿಡುತ್ತಾ ಕೇಳಿದರು.

"ಬೀಗರು ಬಿಪಿ ಮಾತ್ರೆ ಸರಿಯಾಗಿ ತಗೋತಾರಾ? ರಕ್ಷಾಗೆ ಒಂದು ಫೋನ್ ಮಾಡಿ ಕೇಳು."