ಅಂಗೈಗೆ ತಾಕಿದ ಉಸಿರು

ಟೀಚರ ಸೀರೆ ನೀಲಿಯೋ ಹಸಿರೋ, ನನಗೆ ಖಚಿತವಿಲ್ಲ. ಇಲ್ಲಿ ಬರೆಯುವುದರಲ್ಲಿ ನಾನು ಕಂಡದ್ದೆಷ್ಟು, ಅಮ್ಮ ಆಮೇಲೆ ಹೇಳಿದ್ದೆಷ್ಟು ಎಂದೂ ಬಿಡಿಸಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ, ಪಂಚನಹಳ್ಳಿ ಕಡೆಯ ನಮ್ಮೂರಿನ ಬಾಲವಾಡಿ ಒಂದೇ ಒಂದು ಹೆಂಚಿನ ಕೋಣೆ. ನಾನೂ ತಮ್ಮ ಮಂಜನೂ ಒಟ್ಟಿಗೇ ಹೋಗುತ್ತಿದ್ದೆವು. ಒಳಗೆ ಸದಾ ಹಳದಿ ರವೆಯ ಉಪ್ಪಿಟ್ಟಿನ ವಾಸನೆ. ಅದು ಮಾತ್ರ ಸುಳ್ಳಲ್ಲ.

ನಮ್ಮೂರಲ್ಲಿ ಯಾರ ಬಾಯಲ್ಲೂ 'ಹ' ಹೊರಡುತ್ತಿರಲಿಲ್ಲ. ಹಾಲು ಆಲು, ಹಸು ಅಸು. ಒಂದು ದಿನ ಟೀಚರು ನೆಲದ ಮೇಲೆ ಹುಣಸೆಬೀಜ ಜೋಡಿಸಿ 'ಅ' ಮಾಡಿ, "ಇದರಿಂದ ಶುರುವಾಗೋದು ಏನಿದೆ ಹೇಳ್ರೋ" ಎಂದರು.

ಮಂಜ ಎದ್ದು ನಿಂತು, "ಅಸು" ಅಂದ.

ಟೀಚರು ನಗಲಿಲ್ಲ. "ನಿಮ್ಮನೆ ಅಸು ಏನೇನು ಕೊಡ್ತದಪ್ಪಾ?"

"ಆಲು ಕೊಡ್ತದೆ. ಒದೀನೂ ಕೊಡ್ತದೆ."

ಅವನ ಅಂಗೈಯನ್ನು ಅವನ ಬಾಯಿಯ ಮುಂದೆಯೇ ಹಿಡಿಸಿದರು. "ಮನೇಲಿ ಅದು ಅಸು. ಪುಸ್ತಕದಲ್ಲಿ ಅದಕ್ಕೆ ಉಸಿರು ಜಾಸ್ತಿ. ಕೈಗೆ ಬಿಸಿ ತಾಕೋ ಹಾಗೆ ಹೇಳು."

"ಹಸು," ಎಂದು ಊದಿ, ನನ್ನತ್ತ ತಿರುಗಿದ. "ತಾಕ್ತು ಕಣಕ್ಕ."

ಆಮೇಲೆ ಬೆಕ್ಕು, ಕರು, ಅಜ್ಜಿ, ಎಲ್ಲರ ಮುಖಕ್ಕೂ ಊದಿಕೊಂಡು ತಿರುಗಿದ.

ಚಿಕ್ಕಪ್ಪ ಬಾಲವಾಡಿ ಸಮಿತಿಯಲ್ಲಿದ್ದರು. ಸುದ್ದಿ ಅವರಿಗೆ ಬೇರೆ ಥರ ಮುಟ್ಟಿತು. "ಅಸು ಅಂದ್ರೂ ಸರಿ ಅಂತಾಳಂತೆ. ಮಗ್ಗಿ ಇಲ್ಲ, ಬೆತ್ತ ಇಲ್ಲ. ಇವಳೆಂಥ ಟೀಚರು?"

ಬೇಸಿಗೆ ಕಳೆದು ಬಾಗಿಲು ತೆರೆದಾಗ ಆ ಟೀಚರು ಇರಲಿಲ್ಲ. ಚಿಕ್ಕಪ್ಪನೇ ಗೊತ್ತುಮಾಡಿದ ಇನ್ನೊಬ್ಬರು ಬೆತ್ತ ಹಿಡಿದು ಕೂತಿದ್ದರು. ಮಂಜ "ಆಲು" ಅಂದಾಗಲೆಲ್ಲ ಅಂಗೈ ಚಾಚಬೇಕಿತ್ತು. ಮಕ್ಕಳು ಅವನನ್ನು "ಲೇ ಆಲು" ಎಂದೇ ಕರೆಯತೊಡಗಿದರು. ಅವನು ತಪ್ಪು ಹೇಳುವುದನ್ನು ಬಿಟ್ಟ. ಆಮೇಲೆ ಹೇಳುವುದನ್ನೇ ಬಿಟ್ಟ. ನಾಲ್ಕನೇ ಕ್ಲಾಸಿಗೆ ಸ್ಕೂಲೂ ಮುಗಿಯಿತು. ಅವನ ಮಕ್ಕಳ ಸ್ಕೂಲಿನಿಂದ ಕರೆ ಬಂದರೆ ಈಗಲೂ ಹೆಂಡತಿಯನ್ನೇ ಕಳಿಸುತ್ತಾನೆ.

ಮಗುವಿನ ಮನೆಮಾತಿನಿಂದಲೇ ಕಲಿಕೆ ಶುರುವಾಗಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ನಾನು ಒಳ್ಳೆಯ ಅಂಕ ತೆಗೆದುಕೊಂಡೆ. ನಮ್ಮೂರಲ್ಲಿ ಅದು ಇತ್ತು, ಒಂದು ಬೇಸಿಗೆ ಬರುವ ತನಕ. ಈಗ ಆ ಕೋಣೆಯ ಗೋಡೆ ತುಂಬ ಬಣ್ಣದ ಅಕ್ಷರಗಳಿವೆ. ಯಾರ ಮುಖಕ್ಕೂ ಯಾರೂ ಊದುವುದಿಲ್ಲ.

ಮೊನ್ನೆ ಊರಿಗೆ ಹೋದಾಗ ಕೇಳಿಯೇಬಿಟ್ಟೆ. "ಚಿಕ್ಕಪ್ಪಾ, ಆ ಟೀಚರನ್ನ ಯಾಕೆ ಕಳಿಸಿಬಿಟ್ರಿ?"

ಚಿಕ್ಕಪ್ಪ ಲೋಟವನ್ನು ನನ್ನ ಕಡೆ ತಳ್ಳಿದರು.

"ಮೊದ್ಲು ಆಲು ಕುಡಿಯವ್ವ, ಆರೋಯ್ತದೆ."