ಮೊದಲು ನೀರು, ಆಮ್ಯಾಲ ಗ್ಯಾಸು

ನನಗ ಸಿಟ್ಟು ಮೂಗಿನ ತುದಿಮ್ಯಾಲ. ಆದರ ಆ ಮಧ್ಯಾಹ್ನ ಬಂದಂಥ ಸಿಟ್ಟು ಜನ್ಮದಾಗ ಎಂದೂ ಬಂದಿರಲಿಲ್ಲ.

ತೊಂಬತ್ತರ ದಶಕ ಮುಗಿಯೋ ಹೊತ್ತು. ಡ್ಯಾಮಿನ ಹಿನ್ನೀರಾಗ ಮುಳುಗಡಿ ಆಗೋ ಹಳೇ ಬಾಗಲಕೋಟಿಯಿಂದ ಒಂದೊಂದ ಮನಿ, ಒಂದೊಂದ ಅಂಗಡಿ ನವನಗರಕ್ಕ ಏರ್ತಿತ್ತು. ನಮ್ಮ ಕಾಲೇಜೂ ಗಂಟು ಕಟ್ಟಾಕ ಹತ್ತಿತ್ತು. ನಾ ಅಲ್ಲಿ ಕೆಮಿಸ್ಟ್ರಿ ಕಲಿಸ್ಕೋತ, ನನ್ನ ಗುರುಗಳ ಕೈಕೆಳಗ ಸಂಶೋಧನಾ ಮಾಡ್ತಿದ್ದೆ. ಕಾರ್ಬನ್ ಮೊನಾಕ್ಸೈಡ್ ಗ್ಯಾಸಿಗೆ ಕಾದ ಉಗಿ ಕೂಡಿಸಿ ಕಬ್ಬಿಣದ ಆಕ್ಸೈಡಿನ ಪುಡಿ ಮ್ಯಾಲ ಹಾಯಿಸಿದರ, ಉಗಿಯೊಳಗಿನ ಹೈಡ್ರೋಜನ್ ಬಿಡಿಸಿಕೊಂಡು ಹೊರಗ ಬರ್ತೈತಿ. ಪುಡಿ ಖರ್ಚಾಗಂಗಿಲ್ಲ, ಬರೇ ಕೆಲಸ ಮಾಡಸ್ತೈತಿ. ಪ್ಯಾಟಿಯಾಗ ಸಿಗೋ ಪುಡಿಯೊಳಗ ಕ್ರೋಮಿಯಂ ಇರ್ತೈತಿ, ಅದು ವಿಷ. ಅದಿಲ್ಲದ ಮಾಡೂಣು ಅಂತ ಸರ್ ಹಟ. ರಾಮಥಾಳದ ಗುಡ್ಡದ ಕೆಂಪು ಕಲ್ಲು ತಂದು, ಆಸಿಡ್‌ನ್ಯಾಗ ಕರಗಿಸಿ, ಸೋಡಾ ಹಾಕಿ ರಾಡಿ ಇಳಿಸಿ, ತೊಳೆದು, ಒಣಗಿಸಿ, ಸುಡ್ತಿದ್ವಿ. ತೊಳಿಯೋದು ನನ್ನ ಪಾಲು. ಇಳಕಲ್ಲಿನ ನೇಕಾರರ ಮನಿ ಮಗಳು ನಾ. ನೀರು ತಿಳಿ ಆಗೋತನಕ ಬಣ್ಣದ ನೂಲು ಜಾಲಿಸಿದ ಕೈ ಇವು.

ಶಿರೂರಿನವರಾದ ಸರ್‌ಗೆ ನಿವೃತ್ತಿ ಸನೇಕ ಬಂದಿತ್ತು. ದಿನಾ ಅದ ಮಂತ್ರ: "ಮೊದಲು ನೀರು, ಆಮ್ಯಾಲ ಗ್ಯಾಸು. ಉಗಿ ಇಲ್ಲದ ಗ್ಯಾಸ್ ಬಿಟ್ರ ಪುಡಿ ಹೋತು ತಿಳಿ." ಖರೇನ. ಉಗಿ ನಿಂತರ ಆ ಪುಡಿ ಬರೇ ಕಬ್ಬಿಣ ಆಗಿ, ಮಸಿ ಹಿಡಿದು, ಯಾತಕ್ಕೂ ಬಾರದಂಗ ಆಗ್ತಿತ್ತು.

ಹೊಸಾ ಕಟ್ಟಡದಾಗ ನಮ್ಮ ಕೆಲಸಕ್ಕ ಖೋಲಿ ಕೊಡಬೇಕೋ, ಸಾಮಾನೆಲ್ಲ ಗೋದಾಮಿಗೆ ಒಗೀಬೇಕೋ ಅನ್ನೋದನ್ನ ಧಾರವಾಡದಿಂದ ಬರೋ ಪ್ರೊಫೆಸರೊಬ್ರು ನೋಡಿ ಹೇಳಬೇಕಿತ್ತು. ಅವರು ಊಹೂಂ ಅಂದರ ನನ್ನ ಇಷ್ಟು ವರ್ಷದ ಬದುಕೂ ಗೋದಾಮು ಸೇರ್ತಿತ್ತು.

ಬಂದ್ರು, ಏಪ್ರಿಲ್ ಬಿಸಲಾಗ, ಬಸ್ಸಿನ ಧೂಳು ಮೆತ್ತಿಕೊಂಡು. ಪುಡಿ ತುಂಬಿದ ನಳಿಗಿ ಫರ್ನೇಸಿನ್ಯಾಗ ಕಾದಿತ್ತು, ಉಗಿ ಹಾಯ್ತಿತ್ತು, ಗ್ಯಾಸ್ ಬಿಟ್ಟಿದ್ವಿ. ಉಗಿ ಪಾತ್ರೆಗೆ ನಡುವ ಹಾಕಾಕಂತ ಡಿಸ್ಟಿಲ್ಡ್ ವಾಟರ್ ಬಾಟಲಿಯೊಳಗ ತುಂಬಿಟ್ಟಿದ್ದೆ. ನಳ ಅವತ್ತು ಬಂದಿರಲಿಲ್ಲ. ಕುಡಿಯೋ ನೀರಿನ ಕೊಡ ಖಾಲಿ. "ಪಾತ್ರೆ ನೋಡ್ಕೊಳ್ರಿ" ಅಂತ ಸರ್‌ಗೆ ಹೇಳಿ, ಕೊಡ ತಗೊಂಡು ಹೊರಗಿನ ಬೋರಿಂಗ್ ಪಂಪಿಗೆ ಹೋದೆ.

ನಮ್ಮ ಕಡೆ ಬಂದವರಿಗೆ ಬೆಲ್ಲಾ ನೀರು ಕೊಟ್ಟ ಮ್ಯಾಲೇ ಮಾತು. ಸರ್‌ಗೆ ನಾ ಬರೋತನಕ ತಡಕೊಳ್ಳಾಕ ಆಗಲಿಲ್ಲ. ಆ ಬಾಟಲಿ ಎತ್ತಿ ತಂಬಗಿಗೆ ಸುರುವಿ ಕೊಟ್ಟೇಬಿಟ್ರು. ಪ್ರೊಫೆಸರು ಬಾಯಾರಿದ್ರು, ಬಾಟಲಿ ಬರಿದು ಮಾಡಿದ್ರು. ಇಬ್ಬರೂ ಮಾತಿನಾಗ ಮೈಮರೆತ್ರು. ನಾ ತಿರುಗಿ ಬಂದಾಗ ಉಗಿ ಪಾತ್ರೆ ಒಣಗಿ ಚಟಚಟ ಅಂತಿತ್ತು, ಗ್ಯಾಸ್ ಮಾತ್ರ ಹಾಯ್ಕೋತನ ಇತ್ತು.

ಗ್ಯಾಸ್ ಬಂದ್ ಮಾಡಿ, "ಸರ್, ಎಂಥಾ ಕೆಲಸ ಮಾಡಿದ್ರಿ" ಅಂದೆ, ಪರಸ್ಥಳದವರ ಮುಂದನ.

"ಬಂದವ್ರಿಗೆ ನೀರಿಲ್ಲ ಅನ್ನಾಕ ಬರ್ತೈತೇನವಾ," ಅಂದ್ರು ಸರ್. ಮುಖ ಇಷ್ಟಾಗಿತ್ತು.

ಪ್ರೊಫೆಸರು ಕೈಯಾಗಿನ ತಂಬಗಿ ನೋಡಿದ್ರು. "ಇನ್ನೊಂದೀಟು ಪುಡಿ ಐತೇನು?"

"ಐತ್ರಿ. ಆದರ ಈ ನಳಿಗಿ ಆರಿ, ಮತ್ತ ತುಂಬಿ ಕಾಸಬೇಕಂದ್ರ ನಾಳೆ ಆಗ್ತೈತ್ರಿ. ನೀವು ನಾಳೆ ಪಟ್ಟದಕಲ್ಲಿಗೆ ಹೊಂಟೀರಂತ."

"ಕಲ್ಲಿನ ಗುಡಿ, ಎಲ್ಲಿ ಓಡಿ ಹೋಗ್ತಾವ. ನಾಳೆ ಬರ್ತೇನಿ."

ಸಂಜಿಕ ಸರ್, ನಾ ಕೂಡಿ ಬೋರಿಂಗ್ ನೀರು ಹೊತ್ತು ತಂದು ಡಿಸ್ಟಿಲ್ ಮಾಡಾಕ ಇಟ್ವಿ. "ಬೈದರ ಬೈದುಬಿಡವಾ, ಹಿಂಗ ಸುಮ್ಮನಿರಬ್ಯಾಡ," ಅಂದ್ರು ಸರ್. ಅಂಗಿ ಎಲ್ಲಾ ತೋಯ್ದಿತ್ತು ಪಾಪ. ನನಗ ನಗು ಬಂತು. ಅಂಥಾ ಮನುಷ್ಯಾನ ಮ್ಯಾಲ ಎಷ್ಟೊತ್ತು ಸಿಟ್ಟಿರಾಕ ಆಗ್ತೈತಿ?

ಮರುದಿನ ಪ್ರೊಫೆಸರು ಬಾಗಲದಾಗ ಕಾಲಿಡೋದರಾಗ ಸರ್ ಬೆಲ್ಲಾ ನೀರು ಹಿಡಕೊಂಡು ನಿಂತಿದ್ರು. ಅವರು ಬೆಲ್ಲ ಬಾಯಿಗೆ ಹಾಕ್ಕೊಂಡ್ರು. ತಂಬಗಿ ಮುಟ್ಟಲಿಲ್ಲ.

"ಮೊದಲು ಅದಕ್ಕ ಕೊಡ್ರಿ," ಅಂತ ಉಗಿ ಪಾತ್ರೆ ಕಡೆ ಕೈ ಮಾಡಿದ್ರು.

ಉಗಿ ಬಿಟ್ಟೆ, ಆಮ್ಯಾಲ ಗ್ಯಾಸ್. ಹೊರಗ ಬಂದ ಗ್ಯಾಸಿಗೆ ಸುಣ್ಣದ ತಿಳಿ ನೀರು ಹಾಲಿನಂಗ ಬೆಳ್ಳಗಾತು, ಅಂದ್ರ ಕಾರ್ಬನ್ ಡೈಆಕ್ಸೈಡ್ ಆಗಿತ್ತು. ಉಳಿದದ್ದನ್ನ ಪ್ರನಾಳದಾಗ ಹಿಡಿದು ಉರಿಯೋ ಕಡ್ಡಿ ತೋರಿಸಿದೆ. ಪಟ್ ಅಂತು. ಹೈಡ್ರೋಜನ್.

ಪ್ರೊಫೆಸರು ಆಗ ತಂಬಗಿ ಎತ್ತಿ, ಗಟಗಟ ಕುಡಿದು, ಬಾಯಿ ಒರಿಸಿಕೊಂಡ್ರು.

"ಹೊಸಾ ಖೋಲಿಯೊಳಗ ಎರಡು ನಳ ಹಾಕಸ್ರಿ ಅಂತ ಬರೀತೇನಿ," ಅಂದ್ರು. "ಒಂದು ಪುಡಿಗೆ, ಇನ್ನೊಂದು ಬಂದವ್ರಿಗೆ."