ಎಲ್ಲಮ್ಮನ ಮುಂದೆ ಬಿಟ್ಟ ಮಿರ್ಚಿ

ನನಗೆ ಮಿರ್ಚಿ ಭಜಿಯ ಹುಚ್ಚು. ನಾವು ದುಡಿಯಲು ಬಂದು ನೆಲೆಸಿರುವ ಕಡಲತಡಿಯ ಸಡಾದಲ್ಲಿ, ಏರು ರಸ್ತೆಯ ತಿರುವಿನಲ್ಲಿ, ನಮ್ಮ ವಿಜಯಪುರ ಕಡೆಯ ಹೆಂಗಸೊಬ್ಬಳ ಗಾಡಿಯಿದೆ. ಪಾವ್ ಬ್ರೆಡ್ಡಿನ ಹೊಟ್ಟೆ ಸೀಳಿ, ಬಿಸಿ ಮಿರ್ಚಿ ಒಳಗಿಟ್ಟು ಒತ್ತಿ ಕೊಡುತ್ತಾಳೆ. ವಾರವಿಡೀ ಹೊಲಿಗೆ ಮಷಿನ್ ತುಳಿದ ನನಗೆ ಭಾನುವಾರ ಸಂಜೆ ಅದೊಂದು ಸಿಗದಿದ್ದರೆ ತಲೆ ಕೆಡುತ್ತಿತ್ತು. ಜೊತೆಗೆ ಪಕ್ಕದ ಮನೆಯ ಗೆಳತಿ, ಬೀಚಿನಲ್ಲಿ ಮಣಿಸರ ಮಾರುತ್ತಿದ್ದವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಗಾಡಿಯ ಹಿಂದಿನ ಕಟ್ಟೆಯ ಮೇಲೆ ಕೂತು ತಿನ್ನುತ್ತ ಇಡೀ ಓಣಿಯ ಸುದ್ದಿ ಮಾತಾಡಿ ಮುಗಿಸುತ್ತಿದ್ದೆವು.

ಅವಳ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಿರ್ಚಿ ಬಂದ್. ಆದರೂ ಭಾನುವಾರ ನನ್ನ ಜೊತೆ ಬಂದು ಸುಮ್ಮನೆ ಕೂರುತ್ತಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಹೋಗಿ ಬರಬೇಕಲ್ಲ? ಸುಸ್ತಾದ ಜೀವ ಬಸ್ಸಿನಲ್ಲಿ ಜೋತುಬಿದ್ದು ಬರಲಾದೀತೇ? ಓಣಿಯ ಆಸುಪಾಸಿನಲ್ಲಿ ಅಂಥವರು ಇನ್ನಿಬ್ಬರಿದ್ದರು. ಮೂವರಿಗೂ ಸೇರಿ ಒಂದು ರಿಕ್ಷಾ ಗೊತ್ತುಮಾಡಬೇಕೆಂದು ಹೆಂಗಸರೆಲ್ಲ ಮಾತಾಡಿಕೊಂಡೆವು. ಬಾಡಿಗೆಗೆ ಉಪಾಯ ಹೇಳಿದವಳು ನಾನೇ: ಒಬ್ಬೊಬ್ಬರೂ ತಮಗೆ ಇಷ್ಟದ ತಿನಿಸೊಂದನ್ನು ಬಿಡುವುದು, ಉಳಿದ ದುಡ್ಡನ್ನು ಡಬ್ಬಿಗೆ ಹಾಕುವುದು.

ಬಿಡುವುದೆಂದರೆ ನಮ್ಮಲ್ಲಿ ಸುಮ್ಮನೆ ಬಿಡುವಂತಿಲ್ಲ. ಎಲ್ಲಮ್ಮನ ಗುಡಿಯಲ್ಲಿ ಕಾಯಿ ಒಡೆಸಿ, ಯಾರ ಸಲುವಾಗಿ ಏನು ಬಿಟ್ಟೆ ಎಂದು ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು. ಪಿಸುಗುಟ್ಟಿದ ಹರಕೆ ಹರಕೆಯೇ ಅಲ್ಲ. ಆ ಶುಕ್ರವಾರ ಒಬ್ಬಳು ಬಂಗಡೆ ಮೀನು ಬಿಟ್ಟಳು, ಇನ್ನೊಬ್ಬಳು ಚಹಾ ಬಿಟ್ಟಳು. ಒಬ್ಬ ಮಹಾತಾಯಿ ಹಾಗಲಕಾಯಿ ಬಿಟ್ಟಳು! "ನಿನ್ನ ಮನ್ಯಾಗ ಹಾಗಲಕಾಯಿ ಯಾವಾಗ ಬೆಂದೈತಿ?" ಎಂದು ಗುಡಿಯಲ್ಲೇ ದಬಾಯಿಸಿದೆ. ಗೊಣಗುತ್ತ ಚಕ್ಕುಲಿ ಬಿಟ್ಟಳು. ಕೊನೆಗೆ ನಾನು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ, ಗೆಳತಿಯ ಹೆಸರು ಕೂಗಿ ಮಿರ್ಚಿ ಬಿಟ್ಟೆ. ದೊಡ್ಡಸ್ತಿಕೆಗೇನು ನನಗೆ ಕಡಿಮೆಯೇ? ಅವಳು ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದಳು. ನಾನದನ್ನು ಭಕ್ತಿ ಎಂದುಕೊಂಡೆ.

ಒಂದೂವರೆ ತಿಂಗಳು ರಿಕ್ಷಾ ಓಡಿತು. ನಾನು ಗಾಡಿಯ ರಸ್ತೆಯನ್ನೇ ತುಳಿಯಲಿಲ್ಲ. ವಾಸನೆ ಮೂಗಿಗೆ ಬಡಿದರೆ ನನ್ನ ಹರಕೆ ಅಲ್ಲಿಗೇ ಮುಗಿಯುತ್ತಿತ್ತು. ಭಾನುವಾರವೂ ಹೊಲಿಗೆ ಹಿಡಿದು ಮನೆಯಲ್ಲೇ ಕೂತೆ.

ಒಂದು ಬುಧವಾರ ಬೆಳಿಗ್ಗೆ ರಿಕ್ಷಾ ಬಂದು ಹಾರ್ನ್ ಹೊಡೆದೇ ಹೊಡೆಯಿತು. ಇಬ್ಬರು ಒಳಗೆ ಕೂತಿದ್ದರು. ಇವಳು ಮನೆಯಿಂದ ಹೊರಗೇ ಬರಲಿಲ್ಲ. ಸೋಮವಾರವೂ ಬರಲಿಲ್ಲವೆಂದು ರಿಕ್ಷಾದವನು ಹೇಳಿದ. ಹೀಗೆ ತಪ್ಪಿಸಿದರೆ ಜೀವಕ್ಕೇ ಕುತ್ತು ಎಂದು ಆಸ್ಪತ್ರೆಯಲ್ಲಿ ಎಚ್ಚರಿಸಿದ್ದು ನನಗೆ ಗೊತ್ತಿತ್ತು. ಪಿತ್ತ ನೆತ್ತಿಗೇರಿತು. ಒಳಗೆ ನುಗ್ಗಿದೆ. ಗೋಡೆಗೆ ಒರಗಿ ಕೂತಿದ್ದಳು, ಮುಖ ಬಾತಿತ್ತು, ಏದುಸಿರು ಬಿಡುತ್ತಿದ್ದಳು.

"ಸಾಯಾಕ ನಿಂತಿಯೇನವಾ? ನಾವು ಬಾಯಿ ಕಟ್ಟಿ ರಿಕ್ಷಾ ಮಾಡೇವಿ, ನೀ ಇಲ್ಲಿ ಹಿಂಗ ಕುಂತಿ!"

"ಅದಕ್ಕ ಕುಂತೇನಿ ಯಕ್ಕಾ" ಎಂದಳು. "ನಳಕ್ಕ ನೀರಿಗೆ ಹೋದ್ರ 'ನಿನ್ನ ಸಲುವಾಗಿ ಮೀನ ಬಿಟ್ಟೇನಿ' ಅಂತಾರ. ಅಂಗಡಿಗೆ ಹೋದ್ರ 'ಚಾ ಬಿಟ್ಟೇನಿ' ಅಂತಾರ. ಎಷ್ಟ ಮಂದಿ ಬಾಯಿ ಕಟ್ಟಿಸಿ ನಾ ಬದುಕಲಿ?"

"ಅವರು ಏನರ ಅನ್ಲಿ. ನಾ ಒಂದ ಮಾತ ಅಂದೇನೇನು?"

"ನೀ ಅನ್ನಲಿಲ್ಲ. ನೀ ಬರೂದ ಬಿಟ್ಟಿ." ಸ್ವಲ್ಪ ಹೊತ್ತು ಉಸಿರಿಗಾಗಿ ತಡೆದಳು. "ಡಾಕ್ಟರು ಉಪ್ಪು ಬಿಡಿಸ್ಯಾರ, ನೀರೂ ಅಳದು ಕುಡಿ ಅಂದಾರ. ಇರ್ಲಿ. ಐತವಾರ ನಿನ್ನ ಬಾಜೂ ಕುಂತು, ನೀ ಹಾ ಹೂ ಅಂತ ಮಿರ್ಚಿ ತಿನ್ನೂದು ನೋಡತಿದ್ದೆ. ಅದೊಂದ ಉಳದಿತ್ತು ನನಗ. ಅದನ್ನ ನೀ ದೇವಿಗೆ ಕೊಟ್ಟಿ."

ಎಂಥ ಕೆಲಸ ಮಾಡಿಬಿಟ್ಟೆ ಅನಿಸಿ ನಾಚಿಕೆಯಾಯಿತು. ಹೊರಗೆ ರಿಕ್ಷಾದವನು ಮತ್ತೆ ಹಾರ್ನ್ ಹೊಡೆದ.

"ಈಗ ರಿಕ್ಷಾ ಹತ್ತು" ಎಂದೆ. "ಐತವಾರ ಮಿರ್ಚಿ ತಿನ್ನಾಕ ಹೋಗೂಣು."

"ಹರಕಿ?"

"ಎಲ್ಲಮ್ಮಗ ನಾ ಹೇಳ್ಕೊಂತೇನಿ. ಆಕಿ ಜೋಡಿ ಜಗಳ ನಂದು. ಏಳು ಮೊದಲ."

ತೋಳು ಹಿಡಿದು ಎಬ್ಬಿಸಿದೆ. ನನ್ನ ಮೇಲೆ ಭಾರ ಬಿಟ್ಟು ನಡೆದಳು, ಹತ್ತಿದಳು. ಆ ದಿನ ಪಕ್ಕದಲ್ಲಿ ನಾನೂ ಕೂತು ಹೋದೆ.

ಭಾನುವಾರ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಹರಕೆ ಮುರಿದ ಭಯಕ್ಕೆ ಮೊದಲ ತುತ್ತಿಗೆ ರುಚಿಯೇ ಹತ್ತಲಿಲ್ಲ.

"ಹೆಂಗೈತಿ?" ಎಂದಳು, ನನ್ನ ಬಾಯನ್ನೇ ನೋಡುತ್ತ.

"ಭಾಳ ಚಲೋ ಐತಿ."

"ಸುಳ್ಳ ಹೇಳಬ್ಯಾಡ, ಮಾರಿ ನೋಡಿದ್ರ ಗೊತ್ತಾಗತೈತಿ" ಎಂದು ನಕ್ಕಳು. ಗಾಡಿಯವಳಿಗೆ ಕೂಗಿ ಹೇಳಿದಳು: "ಈಕಿಗೆ ಇನ್ನೊಂದ ಕೊಡ್ರಿ, ಖಾರ ಇರೂದು."

ಡಬ್ಬಿಗೆ ನನ್ನ ಪಾಲು ಈಗಲೂ ಬೀಳುತ್ತದೆ. ಅದಕ್ಕಾಗಿ ಬೇರೆ ಏನನ್ನೋ ಬಿಟ್ಟಿದ್ದೇನೆ. ಏನೆಂದು ಅವಳಿಗೆ ಹೇಳಿಲ್ಲ, ಓಣಿಗೆ ಹೇಳಿಲ್ಲ, ಎಲ್ಲಮ್ಮನಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.